ಹೊಸ ಕಾರಿನ ಸದ್ದು, ಕಾಣದೆ ಕರಗುವ ಆಯಿಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಂಡು ಮೂರು ವರ್ಷ ದಾಟದ, ಇನ್ನೂ ವಾರಂಟಿಯಲ್ಲಿರುವ ಕಾರುಗಳ ಬಗ್ಗೆ ತಿರುತಿರುಗಿ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಸದ್ದಿನ ದೂರು, ಆಯಿಲ್ ದೂರು ಎರಡೂ ಒಂದೇ ಕಡೆ ಏಕೆ ಎಂದರೆ, ಎಂಜಿನ್ ಕಡೆಯಿಂದ ಬರುವ ಎಷ್ಟೋ ಸದ್ದುಗಳಿಗೆ ಮೂಲ ಆಯಿಲ್ ಮಟ್ಟ ಇಳಿದಿರುವುದೇ ಆಗಿರುತ್ತದೆ. ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್, ವಾಲ್ವುಗಳ ಸಂದಿ ತುಂಬುವ ಹೈಡ್ರಾಲಿಕ್ ಟ್ಯಾಪೆಟ್, ವಾಲ್ವ್ ತೆರೆಯುವ ಹೊತ್ತು ಬದಲಿಸುವ ಭಾಗ, ಎಲ್ಲವೂ ಕೆಲಸ ಮಾಡುವುದು ಆಯಿಲ್ ಒತ್ತಡದ ಮೇಲೆ. ಹಾಗಾಗಿ ಕಿವಿ ಕೊಡುವುದಕ್ಕೆ ಮೊದಲು ಆಯಿಲ್ ಮಟ್ಟ ತೋರಿಸುವ ಗುರುತಿನ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು ನೋಡಿ.

## ಮೊದಲ ಪಾಠ

ಗಾಡಿ ತಗೊಂಡು ಇನ್ನೂ ನಾಲ್ಕು ಸಾವಿರ ಕಿ.ಮೀ. ಆಗಿಲ್ಲ. ಆಗಲೇ ಆಯಿಲ್ ಕಮ್ಮಿ ಆಗುತ್ತಾ?

ಆಗಬಹುದು. ಸಿಲಿಂಡರ್ ಗೋಡೆಯ ಮೇಲೆ ಕಾರ್ಖಾನೆಯಲ್ಲಿ ಅಡ್ಡಡ್ಡ ಗೆರೆ ಕೊರೆದಿರುತ್ತಾರೆ. ಆ ಗೆರೆಗಳಲ್ಲಿ ನಿಲ್ಲುವ ಆಯಿಲ್ ಪಿಸ್ಟನ್ ರಿಂಗುಗಳಿಗೆ ಜಾರುವಿಕೆ ಕೊಡುತ್ತದೆ. ರಿಂಗೂ ಗೋಡೆಯೂ ಒಂದಕ್ಕೊಂದು ಸವೆದು ಕೂರುವ ತನಕ ಸ್ವಲ್ಪ ಆಯಿಲ್ ಮೇಲಕ್ಕೆ ನುಸುಳಿ ಉರಿಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ಇದು ಐದಾರು ಸಾವಿರ ಕಿ.ಮೀ.ವರೆಗೂ ನಡೆಯುತ್ತದೆ.

ಮೊದಲ 1000 ಕಿ.ಮೀ. ಓಡಿಸುವ ರೀತಿಯೂ ಮುಖ್ಯ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ನಿಂತಲ್ಲೇ ಎಂಜಿನ್ ಓಡಿಸುತ್ತಾ ಕೂರಬೇಡಿ, ಎಕ್ಸಲರೇಟರ್ ಪೂರ್ತಿ ಒತ್ತಬೇಡಿ. ಹಾಗೆಂದು ತೀರಾ ಮೆತ್ತಗೂ ಬೇಡ. ಎಂಜಿನ್ ಬಿಸಿಯಾದ ಮೇಲೆ ಆಗಾಗ ಅರ್ಧ ಎಕ್ಸಲರೇಟರ್ ಕೊಟ್ಟು ವೇಗ ಹೆಚ್ಚಿಸಿ, ಮತ್ತೆ ಬಿಟ್ಟು ಇಳಿಸಬೇಕು. ರಿಂಗನ್ನು ಗೋಡೆಗೆ ಒತ್ತುವುದು ಉರಿತದ ಒತ್ತಡ. ಆ ಒತ್ತಡವೇ ಇಲ್ಲದಿದ್ದರೆ ರಿಂಗ್ ಕೂರುವುದಿಲ್ಲ.

ಡಿಪ್‌ಸ್ಟಿಕ್ ಒಂದೊಂದು ಸಲ ಒಂದೊಂದು ಲೆವೆಲ್ ತೋರಿಸುತ್ತೆ. ಯಾವುದನ್ನು ನಂಬೋದು?

ನೋಡುವ ಕ್ರಮ ಪ್ರತಿ ಸಲವೂ ಒಂದೇ ಇದ್ದರೆ ಮಾತ್ರ ನಂಬಬಹುದು. ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಸಾಧ್ಯವಾದರೆ ಪ್ರತಿ ಬಾರಿಯೂ ಅದೇ ಜಾಗ, ಅದೇ ದಿಕ್ಕು. ಆಫ್ ಮಾಡಿ ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಕೊನೆಯವರೆಗೆ ತುರುಕಿ, ಮತ್ತೆ ಎಳೆದು ಎರಡೂ ಮುಖ ನೋಡಿ. ಎರಡು ಮುಖದಲ್ಲಿ ಬೇರೆ ಬೇರೆ ಗುರುತು ಕಂಡರೆ ಕೆಳಗಿನದೇ ಲೆಕ್ಕ. ಮೇಲಿನದು ಕೊಳವೆಗೆ ಅಂಟಿದ್ದ ಆಯಿಲ್ ಬಳಿದುಕೊಂಡದ್ದು.

ಬೆಳಿಗ್ಗೆ ತಣ್ಣಗಿರುವಾಗ ನೋಡಿದರೂ ತಪ್ಪಿಲ್ಲ. ಆದರೆ ಇವತ್ತು ಬಿಸಿ, ನಾಳೆ ತಣ್ಣಗೆ ಎಂದು ಬದಲಾಯಿಸಿದರೆ ಹೋಲಿಕೆಗೆ ಅರ್ಥವಿಲ್ಲ. ಕೆಳಗಿನ ಗುರುತಿನಿಂದ ಮೇಲಿನ ಗುರುತಿಗೆ ಬಹುಪಾಲು ಕಾರುಗಳಲ್ಲಿ ಮುಕ್ಕಾಲು ಲೀಟರಿನಿಂದ ಒಂದು ಲೀಟರ್ ಹಿಡಿಯುತ್ತದೆ. ಎರಡು ಗುರುತಿನ ನಡುವೆ ಎಲ್ಲಿದ್ದರೂ ಎಂಜಿನ್‌ಗೆ ತೊಂದರೆ ಇಲ್ಲ.

ಆಯಿಲ್ ಲೈಟ್ ಇದೆಯಲ್ಲ? ಅದು ಬಂದಾಗ ಹಾಕಿದರೆ ಸಾಲದಾ?

ಕೆಂಪು ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ, ಒತ್ತಡ ಸತ್ತಿದೆ ಎಂದು ಹೇಳುತ್ತದೆ. ಅದು ಬೆಳಗುವ ಹೊತ್ತಿಗೆ ಬೇರಿಂಗುಗಳು ಒಣಗಲು ಶುರುವಾಗಿರುತ್ತವೆ. ಆಗ ಮುಂದಿನ ಪೆಟ್ರೋಲ್ ಬಂಕಿನವರೆಗೆ ಹೋಗೋಣ ಎನ್ನುವ ಮಾತೇ ಇಲ್ಲ, ಬದಿಗೆ ನಿಲ್ಲಿಸಿ ಆಫ್ ಮಾಡಬೇಕು. ಕೆಲವು ಕಾರುಗಳಲ್ಲಿ ಮಟ್ಟಕ್ಕೇ ಬೇರೆ ಹಳದಿ ದೀಪ ಇರುತ್ತದೆ. ಅದು ಬಂದರೆ ಆ ದಿನವೇ ಟಾಪ್ ಅಪ್ ಮಾಡಿದರೆ ಸಾಕು.

ಹೊಸ ಆಯಿಲ್ ಹಾಕಿ ತಿಂಗಳಿಗೇ ಕಪ್ಪಾಗಿದೆ. ಕೆಟ್ಟಿದೆಯಾ?

ಇಲ್ಲ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುವುದು ಆಯಿಲ್‌ನ ಕೆಲಸ. ಡೀಸೆಲ್ ಎಂಜಿನ್ನಿನಲ್ಲಿ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ.

ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಕಾಫಿ ನೊರೆ ಥರ ಅಂಟಿದೆ. ಹೆಡ್ ಗ್ಯಾಸ್ಕೆಟ್ ಹೋಯ್ತಾ?

ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗಕ್ಕೂ ಬ್ಲಾಕಿಗೂ ನಡುವಿನ ಸೀಲ್) ಎಂದೇ ಹೆದರಬೇಕಿಲ್ಲ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿ ಕಡೆ, ದಿನಕ್ಕೆ ಎರಡು ಮೂರು ಕಿ.ಮೀ. ಮಾತ್ರ ಓಡುವ ಗಾಡಿಗಳಲ್ಲಿ ಇದು ಸಾಮಾನ್ಯ. ಎಂಜಿನ್ ಪೂರ್ತಿ ಬಿಸಿಯಾಗದೆ ನೀರಾವಿ ಕ್ಯಾಪಿನ ಅಡಿ ತಣ್ಣಗಾಗಿ ಆಯಿಲ್ ಜೊತೆ ಕಲಸಿಕೊಳ್ಳುತ್ತದೆ. ಒರೆಸಿ, ಒಂದೇ ಸಲಕ್ಕೆ ಮೂವತ್ತು ನಲವತ್ತು ಕಿ.ಮೀ. ಓಡಿಸಿ ನೋಡಿ. ನೊರೆ ಮತ್ತೆ ಬರದಿದ್ದರೆ, ಡಿಪ್‌ಸ್ಟಿಕ್ ಮೇಲಿನ ಆಯಿಲ್ ಸ್ವಚ್ಛವಾಗಿದ್ದರೆ, ಕೂಲೆಂಟ್ (ಎಂಜಿನ್ ತಂಪಾಗಿಸುವ ದ್ರವ) ಇಳಿಯದಿದ್ದರೆ ಚಿಂತೆ ಬಿಡಿ. ಡಿಪ್‌ಸ್ಟಿಕ್ ತುದಿಯಲ್ಲೂ ಅದೇ ಬಣ್ಣ ಕಂಡು, ಕೂಲೆಂಟೂ ಇಳಿಯುತ್ತಿದ್ದರೆ ಗಾಡಿ ಓಡಿಸದೆ ಟೋ ಮಾಡಿಸಿ.

## ಸದ್ದುಗಳು

ಯಾವ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ?

ಇದೊಂದು ಉದ್ದ ಪಟ್ಟಿ. ಹಳೆಯ ಕಾರಿನಿಂದ ಹೊಸದಕ್ಕೆ ಬಂದವರು ಗಾಬರಿಯಾಗುವುದು ಹೆಚ್ಚಾಗಿ ಇವುಗಳಿಗೇ.

ಕೀ ತಿರುಗಿಸಿದಾಗ ಹಿಂದಿನ ಸೀಟಿನ ಕೆಳಗೆ ಎರಡು ಕ್ಷಣ ಗುಂಯ್ ಎನ್ನುವುದು ಪೆಟ್ರೋಲ್ ಪಂಪ್. ಕ್ಲಚ್ ಪೆಡಲ್ ಇಲ್ಲದೆ ಗೇರ್ ತಾನೇ ಬದಲಾಗುವ ಎಎಂಟಿ ಗಾಡಿಗಳಲ್ಲಿ ಡ್ರೈವರ್ ಬಾಗಿಲು ತೆರೆದ ಕೂಡಲೇ ಬಾನೆಟ್ ಒಳಗೆ ಜುಂಯ್ ಎಂದರೆ ಅದು ಗೇರ್ ಬದಲಿಸುವ ಹೈಡ್ರಾಲಿಕ್ ಪಂಪ್ ಒತ್ತಡ ತುಂಬಿಕೊಳ್ಳುತ್ತಿರುವುದು. ಹೊರಟು ಹತ್ತು ಹದಿನೈದು ಕಿ.ಮೀ. ವೇಗ ಮುಟ್ಟಿದಾಗ ಒಂದೇ ಒಂದು ಸಲ ಗುರ್ ಎಂದು ಪೆಡಲ್ ಅದುರಿದರೆ ಎಬಿಎಸ್ ತನ್ನನ್ನು ತಾನೇ ಪರೀಕ್ಷಿಸಿಕೊಂಡಿದೆ. ಗಾಡಿ ಆಫ್ ಮಾಡಿದ ಮೇಲೂ ಫ್ಯಾನ್ ತಿರುಗುವುದು, ತಣ್ಣಗಾಗುತ್ತಾ ಸೈಲೆನ್ಸರ್ ಟಿಣ್ ಟಿಣ್ ಎನ್ನುವುದು ಸಹಜ.

ನೇರ ಇಂಜೆಕ್ಷನ್ (ಪೆಟ್ರೋಲನ್ನು ಸಿಲಿಂಡರಿನೊಳಗೇ ಚಿಮ್ಮಿಸುವುದು) ಇರುವ ಪೆಟ್ರೋಲ್ ಎಂಜಿನ್ ನಿಂತಲ್ಲಿ ಓಡುವಾಗ ಹೊಲಿಗೆ ಯಂತ್ರದಂತೆ ಟಕಟಕ ಎನ್ನುತ್ತದೆ. ಅದು ಹೆಚ್ಚು ಒತ್ತಡದ ಪಂಪು ಮತ್ತು ಇಂಜೆಕ್ಟರಿನ ಸದ್ದು. ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಕಳಿಸುವ ಪರ್ಜ್ ವಾಲ್ವ್ ಕೂಡ ಬಿಟ್ಟುಬಿಟ್ಟು ಟಿಕ್ ಟಿಕ್ ಎನ್ನುತ್ತದೆ, ಬೆರಳಿಟ್ಟರೆ ಬಡಿತ ಗೊತ್ತಾಗುತ್ತದೆ. ಮೂರು ಸಿಲಿಂಡರ್ ಎಂಜಿನ್ನಿನ ಗಡಗಡ ನಡುಕ ಅದರ ಹುಟ್ಟುಗುಣ. ಮಳೆಯಲ್ಲಿ ರಾತ್ರಿಯಿಡೀ ನಿಂತ ಗಾಡಿಯ ಬ್ರೇಕ್ ಬೆಳಿಗ್ಗೆ ಮೊದಲ ನಾಲ್ಕೈದು ಸಲ ಕರಕರ ಎಂದರೆ ಡಿಸ್ಕ್ ಮೇಲಿನ ತುಕ್ಕು ಉಜ್ಜಿ ಹೋಗುತ್ತಿದೆ.

ಸದ್ದು ಇದೆ, ಆದರೆ ಎಲ್ಲಿಂದ ಅಂತ ಗೊತ್ತಾಗ್ತಿಲ್ಲ. ಹುಡುಕೋದು ಹೇಗೆ?

ಸದ್ದು ಯಾವುದರ ಜೊತೆ ಹೆಚ್ಚುತ್ತದೆ ಎನ್ನುವುದನ್ನು ಮೊದಲು ಹಿಡಿಯಿರಿ. ಎಲ್ಲಿಂದ ಎನ್ನುವುದು ಆಮೇಲೆ.

ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಎಕ್ಸಲರೇಟರ್ ಕೊಡಿ. ಸದ್ದು ಬಂದರೆ ಎಂಜಿನ್, ಬೆಲ್ಟ್, ಸೈಲೆನ್ಸರ್ ಇವುಗಳ ಕಡೆ. ಬರದಿದ್ದರೆ ಚಕ್ರ, ಬ್ರೇಕ್, ಸಸ್ಪೆನ್ಷನ್, ಗೇರ್ ಕಡೆ. ಎಸಿ ಹಾಕಿ, ಆರಿಸಿ. ಬದಲಾದರೆ ಕಂಪ್ರೆಸರ್ ಅಥವಾ ಬೆಲ್ಟ್. ಕ್ಲಚ್ ಒತ್ತಿದಾಗ ಮಾತ್ರ ಸದ್ದು ಬಂದರೆ ರಿಲೀಸ್ ಬೇರಿಂಗ್. ಒತ್ತಿದಾಗ ನಿಂತರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗ್. ಖಾಲಿ ನೇರ ರಸ್ತೆಯಲ್ಲಿ 40ರ ವೇಗದಲ್ಲಿ ಬ್ರೇಕನ್ನು ಹಗುರವಾಗಿ ಮುಟ್ಟಿ. ಸದ್ದು ನಿಂತರೆ ಪ್ಯಾಡ್ ಸಡಿಲವಾಗಿದೆ. ಜಲ್ಲಿ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಇದ್ದಕ್ಕಿದ್ದಂತೆ ಲೋಹ ಕೆರೆದಂತೆ ಕೇಳಿದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿದೆ. ನಾಲ್ಕು ಹೆಜ್ಜೆ ರಿವರ್ಸ್ ತೆಗೆದರೆ ಎಷ್ಟೋ ಸಲ ತಾನೇ ಬೀಳುತ್ತದೆ.

ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತುವಾಗ ಕಟಕಟಕಟ ಎಂದು ಲಯಬದ್ಧವಾಗಿ ಕೇಳಿದರೆ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಅಲ್ಲಿಯ ರಬ್ಬರ್ ಬೂಟ್ ಹರಿದು ಗ್ರೀಸ್ ಹಾರಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಎಸಿ ಬ್ಲೋವರ್ ಪರಪರ ಎಂದರೆ ಬಹುಶಃ ಒಣಗಿದ ಎಲೆ, ಇಲ್ಲವೇ ಇಲಿ ಸೇರಿಸಿದ ಹತ್ತಿ. ಮರದಡಿ ನಿಲ್ಲುವ ಗಾಡಿಗಳಿಗೆ ಇದು ತಪ್ಪಿದ್ದಲ್ಲ. ಕ್ಯಾಬಿನ್ ಫಿಲ್ಟರ್ ತೆಗೆದರೆ ಅರ್ಧ ಕಥೆ ತಿಳಿಯುತ್ತದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗರ್ರ್ ಅನ್ನುತ್ತೆ, ಆಮೇಲೆ ಸರಿ ಹೋಗುತ್ತೆ. ಚೈನ್ ಹೋಯ್ತಾ?

ಎಷ್ಟು ಹೊತ್ತು ಎನ್ನುವುದೇ ಪ್ರಶ್ನೆ. ರಾತ್ರಿ ಆಯಿಲ್ ಎಂಜಿನ್ ತಳದ ತೊಟ್ಟಿಗೆ (ಸಂಪ್) ಇಳಿದಿರುತ್ತದೆ, ಟೈಮಿಂಗ್ ಚೈನ್ ಬಿಗಿ ಹಿಡಿಯುವ ಟೆನ್ಷನರಿಗೆ ಮತ್ತೆ ಒತ್ತಡ ಏರಲು ಒಂದು ಕ್ಷಣ ಬೇಕು. ಒಂದು ಸೆಕೆಂಡಿನ ಸದ್ದನ್ನು ಬಿಟ್ಟುಬಿಡಬಹುದು. ಮೂರು ಸೆಕೆಂಡ್ ದಾಟಿದರೆ, ಅಥವಾ ತಿಂಗಳಿಂದ ತಿಂಗಳಿಗೆ ಉದ್ದವಾಗುತ್ತಾ ಹೋದರೆ ತೋರಿಸಬೇಕು.

ಚೈನ್ ಬದಲಿಸುವ ಮಾತಿಗೆ ಮೊದಲು ಎರಡು ಅಗ್ಗದ ಕಾರಣಗಳನ್ನು ತೆಗೆದುಹಾಕಿ. ಒಂದು, ಆಯಿಲ್ ಕೆಳಗೀಟಿನಲ್ಲಿದೆಯೇ? ಎರಡು, ಕಳೆದ ಸರ್ವಿಸಿನಲ್ಲಿ ಹಾಕಿದ ಫಿಲ್ಟರ್ ಕಂಪನಿಯದ್ದೇ? ಫಿಲ್ಟರಿನೊಳಗೆ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಡೂಪ್ಲಿಕೇಟ್ ಫಿಲ್ಟರಿನಲ್ಲಿ ಅದು ಬೇಗ ಗಟ್ಟಿಯಾಗಿ ಸೋರುತ್ತದೆ. ಸದ್ದು ಸರ್ವಿಸ್ ಆದ ಮರುದಿನದಿಂದಲೇ ಶುರುವಾಗಿದ್ದರೆ ಫಿಲ್ಟರನ್ನೇ ಮೊದಲು ಅನುಮಾನಿಸಿ.

ಸರ್ವಿಸ್ ಸೆಂಟರಿಗೆ ಮಧ್ಯಾಹ್ನ ಓಡಿಸಿಕೊಂಡು ಹೋಗಿ ಈ ಸದ್ದು ತೋರಿಸಲು ಆಗುವುದಿಲ್ಲ. ಹಿಂದಿನ ಸಂಜೆಯೇ ಗಾಡಿ ಬಿಟ್ಟು, ಬೆಳಿಗ್ಗೆ ಅವರ ಎದುರೇ ಸ್ಟಾರ್ಟ್ ಮಾಡಿಸಿ.

ಹಂಪ್ ಹತ್ತಿಸುವಾಗ ಮುಂದೆ ಟಕ್ ಟಕ್. ಶೋರೂಮಿನವರು ಏನೂ ಇಲ್ಲ ಅಂತಾರೆ.

ಚಿಕ್ಕ ಉಬ್ಬುತಗ್ಗಿನಲ್ಲಿ, ನಿಧಾನ ವೇಗದಲ್ಲಿ, ಖಾಲಿ ಡಬ್ಬಿ ಬಡಿದಂತೆ ಟಕಟಕ ಎಂದರೆ ಮೊದಲ ಅನುಮಾನ ಸ್ಟೆಬಿಲೈಸರ್ ಲಿಂಕ್ (ಎಡ-ಬಲ ಚಕ್ರಗಳ ಸಸ್ಪೆನ್ಷನ್ ಜೋಡಿಸುವ ಬಾರಿನ ತುದಿಯ ಕೊಂಡಿ). ಇದರ ಗುರುತು ಎಂದರೆ ಒಂದೇ ಕಡೆಯ ಚಕ್ರ ಗುಂಡಿಗೆ ಬಿದ್ದಾಗ ಜೋರು, ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಕಡಿಮೆ. ಎರಡೂ ಒಟ್ಟಿಗೆ ಇಳಿದಾಗಲೇ ಡಬ್ ಎಂದರೆ ಸ್ಟ್ರಟ್ (ಸ್ಪ್ರಿಂಗ್ ಸಮೇತದ ಶಾಕ್ ಅಬ್ಸಾರ್ಬರ್) ಅಥವಾ ಅದರ ಮೇಲಿನ ಮೌಂಟ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟೊಂಯ್ ಎಂದು ಜಿಗಿದರೂ ಮೌಂಟಿನ ಬೇರಿಂಗೇ. ಬ್ರೇಕ್ ಹಾಕಿದಾಗ, ಬಿಟ್ಟಾಗ ಒಂದೊಂದು ಧಡ್ ಬಂದರೆ ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿನ ರಬ್ಬರ್ ಬುಷ್. ಗಾಡಿ ತೊಳೆಸಿದಾಗ ಕಿಂಯ್ ಕಿಂಯ್ ಸದ್ದು ಬದಲಾಗಿ, ಒಣಗಿದ ಮೇಲೆ ಮತ್ತೆ ಮೊದಲಿನಂತಾದರೆ ರಬ್ಬರ್ ಬುಷ್. ಇದಕ್ಕೆ ಸಿಲಿಕೋನ್ ಗ್ರೀಸ್ ಬಳಸಬೇಕು, ಎಂಜಿನ್ ಆಯಿಲ್ ಬಳಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಇನ್ನೊಂದು ಮಾತು. ಲಿಫ್ಟಿಗೆ ಏರಿಸಿ ಅಲ್ಲಾಡಿಸಿದರೆ ಲಿಂಕಿನ ಸಡಿಲ ಅಷ್ಟಾಗಿ ಗೊತ್ತಾಗುವುದಿಲ್ಲ. ಚಕ್ರಗಳು ಜೋತಾಡುವಾಗ ಲಿಂಕಿನ ಮೇಲಿನ ಹೊರೆಯೇ ಬೇರೆ. ಚಕ್ರ ನೆಲದ ಮೇಲಿರುವಾಗಲೇ ಲಿಂಕ್ ಹಿಡಿದು ಅಲ್ಲಾಡಿಸಿ ನೋಡಬೇಕು. ಏನೂ ಇಲ್ಲ ಎನ್ನುವ ಉತ್ತರ ಬರುವುದು ಹೆಚ್ಚಾಗಿ ಹೀಗೆಯೇ. ಅದಕ್ಕೂ ಮೊದಲು ಡಿಕ್ಕಿಯಲ್ಲಿ ಜಾಕ್, ಸ್ಟೆಪ್ನಿ, ನಂಬರ್ ಪ್ಲೇಟ್ ಇವುಗಳ ಸ್ಕ್ರೂ ಬಿಗಿ ಇದೆಯೇ ನೋಡಿ. ನಗಬೇಡಿ, ಬಹಳ ದೂರುಗಳು ಅಲ್ಲೇ ಮುಗಿಯುತ್ತವೆ.

60 ದಾಟಿದರೆ ಗುಂಯ್ ಅಂತ ಶುರುವಾಗುತ್ತೆ. ಟೈರಾ, ಬೇರಿಂಗಾ?

ಡಾಂಬರಿನಿಂದ ಕಾಂಕ್ರೀಟಿಗೆ ಹೋದಾಗ ಸದ್ದಿನ ಬಣ್ಣ ಬದಲಾದರೆ ಟೈರ್. ರಸ್ತೆ ಯಾವುದಾದರೂ ಒಂದೇ ಸಮ ಗುಂಯ್ ಎಂದರೆ ಬೇರಿಂಗ್. ಅಗಲವಾದ ಖಾಲಿ ರಸ್ತೆಯಲ್ಲಿ ಹಗುರವಾಗಿ ಬಲಕ್ಕೆ ವಾಲಿಸಿದಾಗ ಗಾಡಿಯ ಭಾರ ಎಡ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಎಡಗಡೆಯ ಬೇರಿಂಗ್, ಎಡಕ್ಕೆ ತಿರುಗಿಸಿದಾಗ ಹೆಚ್ಚಿದರೆ ಬಲಗಡೆಯದು. ಖಾತ್ರಿಗೆ ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿಸಿ. ಸದ್ದೂ ಹಿಂದಕ್ಕೆ ಹೋದರೆ ಟೈರೇ.

ಬಿಸಿಲಿಗೆ ಡ್ಯಾಶ್‌ಬೋರ್ಡ್ ಕಿರಕಿರ ಅನ್ನುತ್ತೆ.

ಪ್ಲಾಸ್ಟಿಕ್ ಹಿಗ್ಗುವ ಸದ್ದು. ಪಕ್ಕದಲ್ಲಿ ಕೂತವರು ಒಂದೊಂದೇ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿಯಲಿ. ಎಲ್ಲಿ ಒತ್ತಿದಾಗ ನಿಲ್ಲುತ್ತದೋ ಆ ಸಂದಿಗೆ ಫೆಲ್ಟ್ ಟೇಪ್ ಅಂಟಿಸಿದರೆ ಮುಗಿಯಿತು.

ಯಾವ ಸದ್ದು ಬಂದರೆ ಗಾಡಿ ನಿಲ್ಲಿಸಲೇಬೇಕು?

ಎಂಜಿನ್ನಿನ ಕೆಳಭಾಗದಿಂದ, ಮರದ ಸುತ್ತಿಗೆಯಲ್ಲಿ ಬಡಿದಂತೆ ಗಡುಸಾದ ಡಗ್ ಡಗ್ ಕೇಳಿ, ಆರ್‌ಪಿಎಂ ಏರಿದಂತೆ ವೇಗವಾದರೆ ಅದು ಪಿಸ್ಟನ್ನನ್ನು ತಿರುಗುವ ಮುಖ್ಯ ದಂಡಕ್ಕೆ (ಕ್ರ್ಯಾಂಕ್) ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್. ಹೀಗಿರುವಾಗ ಇನ್ನೂ ಹತ್ತು ಕಿ.ಮೀ. ಓಡಿಸಿದರೆ ರಾಡ್ ಬ್ಲಾಕನ್ನೇ ಒಡೆದು ಹೊರಬರಬಹುದು. ಆಂಬುಲೆನ್ಸ್ ಸೈರನ್ನಿನಂತೆ ಕೂಗುವ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ), ಬ್ರೇಕ್ ಒತ್ತಿದಾಗ ಲೋಹಕ್ಕೆ ಲೋಹ ಕೆರೆಯುವ ಸದ್ದು, ಕೆಂಪು ಆಯಿಲ್ ದೀಪದ ಜೊತೆ ಬರುವ ಯಾವುದೇ ಟಕಟಕ, ಇವೂ ಹಾಗೆಯೇ.

ಟರ್ಬೊ ಗಾಡಿಯಲ್ಲಿ ಮೇಲಿನ ಗೇರಿನಲ್ಲಿ 1500 ಆರ್‌ಪಿಎಂ ಕೆಳಗೆ ಎಕ್ಸಲರೇಟರ್ ಗಟ್ಟಿ ಒತ್ತಿದಾಗ ಒಂದೇ ಒಂದು ಟಣ್ ಎಂಬ ಪೆಟ್ಟು ಕೇಳಿದರೆ, ಅದು ಹೊತ್ತಿಗೆ ಮುಂಚೆ ಉರಿದ ಇಂಧನದ ಹೊಡೆತ. ಪಿಸ್ಟನ್ನಿನ ರಿಂಗ್ ಕೂರುವ ಅಂಚನ್ನೇ ಒಡೆಯುವಷ್ಟು ಬಲ ಅದಕ್ಕಿದೆ. ಗೇರ್ ಇಳಿಸಿ ಓಡಿಸಿ, ಆಯಿಲ್ ಎಪಿಐ ಎಸ್‌ಪಿ (ಡಬ್ಬದ ಮೇಲಿರುವ ಗುಣಮಟ್ಟದ ಗುರುತು) ಅಥವಾ ಅದಕ್ಕಿಂತ ಹೊಸ ದರ್ಜೆಯದ್ದೇ ಎಂದು ಖಚಿತಪಡಿಸಿಕೊಳ್ಳಿ. 2020ರಲ್ಲಿ ಬಂದ ಎಸ್‌ಪಿ ದರ್ಜೆಯಲ್ಲಿ ಇಂಥ ಹೊಡೆತ ತಡೆಯುವ ಪರೀಕ್ಷೆಯೂ ಸೇರಿದೆ.

## ಆಯಿಲ್ ಎಲ್ಲಿಗೆ ಹೋಗುತ್ತಿದೆ?

1000 ಕಿ.ಮೀ.ಗೆ ಒಂದು ಲೀಟರ್ ಕುಡಿದರೂ ನಾರ್ಮಲ್ ಅಂತಾರಲ್ಲ, ನಿಜವಾ?

ಕಾಗದದ ಮೇಲೆ ನಿಜ. ಟೊಯೋಟಾದ ಹಲವು ಕೈಪಿಡಿಗಳಲ್ಲಿ 1000 ಕಿ.ಮೀ.ಗೆ ಗರಿಷ್ಠ 1 ಲೀಟರ್ ಎಂದಿದೆ, ಫೋಕ್ಸ್‌ವ್ಯಾಗನ್, ಸ್ಕೋಡಾ ಕೈಪಿಡಿಗಳಲ್ಲಿ ಅರ್ಧ ಲೀಟರ್. ಆದರೆ ಇದು ಕಂಪನಿ ತನ್ನ ವಾರಂಟಿಯ ಗಡಿಗೆ ಹಾಕಿಕೊಂಡ ಬೇಲಿ, ಆರೋಗ್ಯವಾದ ಎಂಜಿನ್ನಿನ ಲಕ್ಷಣವಲ್ಲ. 1 ಲೀಟರಿನ ಲೆಕ್ಕದಲ್ಲಿ ಮೂರೂವರೆ ಲೀಟರ್ ಹಿಡಿಯುವ ಸಣ್ಣ ಎಂಜಿನ್ 10,000 ಕಿ.ಮೀ. ಸರ್ವಿಸಿನೊಳಗೆ ತನ್ನ ಆಯಿಲನ್ನು ಹತ್ತಿರ ಹತ್ತಿರ ಮೂರು ಸಲ ಕುಡಿದು ಮುಗಿಸಿರುತ್ತದೆ!

ನಮ್ಮ ಅಳತೆ ಹೀಗಿದೆ: 1000 ಕಿ.ಮೀ.ಗೆ 100 ಮಿ.ಲೀ. ಒಳಗಿದ್ದರೆ ಮರೆತುಬಿಡಿ. 100ರಿಂದ 300ರವರೆಗೆ ಬರೆದಿಡುತ್ತಾ ಹೋಗಿ. 300 ದಾಟಿ, ಏರುತ್ತಲೂ ಇದ್ದರೆ ಈಗಲೇ ದೂರು ದಾಖಲಿಸಿ. ಅರ್ಧ ಲೀಟರ್ ದಾಟಿದರೆ ಕೈಪಿಡಿ ಏನೇ ಹೇಳಲಿ, ಬಿಡಬೇಡಿ. ಉರಿದ ಆಯಿಲ್‌ನಲ್ಲಿರುವ ರಂಜಕ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ನಿಧಾನವಾಗಿ ಕೊಲ್ಲುತ್ತದೆ, ಆ ಭಾಗ ಅಗ್ಗದ್ದಲ್ಲ.

ಕಿ.ಮೀ. ಲೆಕ್ಕ ನಗರದ ಗಾಡಿಗೆ ಸ್ವಲ್ಪ ಅನ್ಯಾಯ ಮಾಡುತ್ತದೆ ಎಂಬುದೂ ನೆನಪಿರಲಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸರಾಸರಿ 15ರ ವೇಗದಲ್ಲಿ 1000 ಕಿ.ಮೀ. ಎಂದರೆ ಎಂಜಿನ್ 67 ಗಂಟೆ ಓಡಿದೆ. ಹೆದ್ದಾರಿಯಲ್ಲಿ 60ರ ಸರಾಸರಿಗೆ ಅದು 17 ಗಂಟೆಯೂ ಇಲ್ಲ.

ಮನೆಯಲ್ಲೇ ಸರಿಯಾಗಿ ಅಳೆಯೋದು ಹೇಗೆ?

ಡಿಪ್‌ಸ್ಟಿಕ್ ಕಣ್ಣಂದಾಜು. ಸರಿಯಾದ ಅಳತೆ ಹಾಕಿದ ಆಯಿಲಿನದು. ಮೇಲೆ ಹೇಳಿದ ಕ್ರಮದಲ್ಲಿ ಮಟ್ಟವನ್ನು ಸರಿಯಾಗಿ ಮೇಲಿನ ಗುರುತಿಗೆ ತನ್ನಿ. ಓಡೋಮೀಟರ್ ಸಮೇತ ಡಿಪ್‌ಸ್ಟಿಕ್ಕಿನ ಫೋಟೊ ತೆಗೆಯಿರಿ. 1000 ಕಿ.ಮೀ. ಆದ ಮೇಲೆ, ಅದೇ ಜಾಗದಲ್ಲಿ ನಿಲ್ಲಿಸಿ, ಮತ್ತೆ ಮೇಲಿನ ಗುರುತು ಮುಟ್ಟುವಷ್ಟು ಆಯಿಲ್ ಹಾಕಿ, ಎಷ್ಟು ಹಿಡಿಯಿತು ಅಳೆಯಿರಿ. ಒಂದು ಸಲಕ್ಕೆ 100 ಮಿ.ಲೀ.ಗಿಂತ ಹೆಚ್ಚು ಸುರಿಯಬೇಡಿ, ಐದು ನಿಮಿಷ ಬಿಟ್ಟು ನೋಡಿ.

ಅಳತೆಯ ಜಗ್ ಇಲ್ಲದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಡಬ್ಬವನ್ನು ಹಾಕುವ ಮೊದಲು, ಹಾಕಿದ ಮೇಲೆ ತೂಗಿ. ಕಡಿಮೆಯಾದ ಗ್ರಾಮನ್ನು 0.85ರಿಂದ ಭಾಗಿಸಿದರೆ ಮಿ.ಲೀ. ಸಿಗುತ್ತದೆ. 1040 ಕಿ.ಮೀ.ಗೆ 323 ಗ್ರಾಂ ಹಿಡಿದರೆ 380 ಮಿ.ಲೀ., ಅಂದರೆ 1000ಕ್ಕೆ 365. ಇಂಥ ಮೂರು ಸಾಲು ಬರೆದ ಹಾಳೆ ಇದ್ದರೆ ಸರ್ವಿಸ್ ಸೆಂಟರಿನಲ್ಲಿ ಮಾತು ಬೇರೆಯೇ ಥರ ನಡೆಯುತ್ತದೆ.

ಗುರುತು ಮೀರಿ ತುಂಬಿಸಬೇಡಿ. ಹೆಚ್ಚಾದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಉಸಿರಾಟದ ಕೊಳವೆ ಹತ್ತಿ ಉರಿದುಹೋಗುತ್ತದೆ. ಆಮೇಲೆ ಆಯಿಲ್ ಕುಡಿಯುತ್ತಿದೆ ಎಂದು ಎಂಜಿನ್ನನ್ನು ದೂರುವಂತಾಗುತ್ತದೆ.

ಕೆಳಗೆ ಒಂದು ಹನಿ ಬಿದ್ದಿಲ್ಲ, ಹೊಗೆಯೂ ಇಲ್ಲ. ಮತ್ತೆ ಆಯಿಲ್ ಎಲ್ಲಿ ಹೋಯ್ತು?

ಹನಿ ನೆಲಕ್ಕೆ ಬೀಳಲೇಬೇಕೆಂದಿಲ್ಲ. ಎಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ತಟ್ಟೆ ಬಿಚ್ಚಿಸಿ ಡ್ರೈನ್ ಬೋಲ್ಟಿನ ವಾಷರ್, ಫಿಲ್ಟರ್ ಅಂಚು, ಟೈಮಿಂಗ್ ಕವರ್, ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗ ನೋಡಿಸಿ. ಡ್ರೈನ್ ಬೋಲ್ಟಿನ ವಾಷರ್ ಒಮ್ಮೆ ಒತ್ತಿದರೆ ಚಪ್ಪಟೆಯಾಗುವಂಥದ್ದು, ಪ್ರತಿ ಸರ್ವಿಸಿಗೂ ಹೊಸದು ಬೇಕು. ರಾಕರ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಸೋರಿದರೆ ಹೊಗೆ ಹೊರಹೋಗುವ ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತದೆ; ಸಿಗ್ನಲ್ಲಿನಲ್ಲಿ ನಿಂತಾಗ ಸುಟ್ಟ ವಾಸನೆ ಬರುವುದೇ ಅದರ ಸುಳಿವು.

ಹೊಗೆಯ ವಿಷಯವೂ ಹಾಗೆ. ಸ್ವಲ್ಪ ಆಯಿಲ್ ಉರಿದರೆ ಕನ್ವರ್ಟರ್ ಅದನ್ನು ಸುಟ್ಟುಬಿಡುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ.

ಇನ್ನೊಂದು ಕಾರಣ ಬಹಳ ಜನರಿಗೆ ಗೊತ್ತಿಲ್ಲ. ಸಣ್ಣ ಸಣ್ಣ ಓಡಾಟದಲ್ಲಿ ಉರಿಯದ ಪೆಟ್ರೋಲ್ ಸ್ವಲ್ಪ ಸ್ವಲ್ಪ ಆಯಿಲ್‌ಗೆ ಸೇರುತ್ತದೆ. ಇತ್ತ ಆಯಿಲ್ ಉರಿಯುತ್ತಾ ಇಳಿಯುತ್ತದೆ, ಅತ್ತ ಪೆಟ್ರೋಲ್ ಸೇರಿ ಮಟ್ಟ ಹಾಗೇ ಕಾಣುತ್ತದೆ. ಒಂದು ದಿನ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಿ ಬಂದರೆ ಬಿಸಿಗೆ ಆ ಪೆಟ್ರೋಲ್ ಆವಿಯಾಗಿ, ಒಂದೇ ಪ್ರಯಾಣದಲ್ಲಿ ಅರ್ಧ ಲೀಟರ್ ಮಾಯವಾದಂತೆ ತೋರುತ್ತದೆ. ಹೋಗಿದ್ದು ಆ ದಿನವಲ್ಲ, ಹಿಂದಿನ ಎರಡು ತಿಂಗಳಲ್ಲಿ. ಹಾಗಾಗಿ ಅಳೆಯುವಾಗ ಮೊದಲ ಅಳತೆಗೂ ಕೊನೆಯ ಅಳತೆಗೂ ಮುಂಚೆ ಒಂದೊಂದು ದೂರದ ಓಟ ಇರಲಿ.

ಘಾಟಿ ಇಳಿದು ಕೆಳಗೆ ಬಂದು ಎಕ್ಸಲರೇಟರ್ ಕೊಟ್ಟರೆ ಹಿಂದೆ ನೀಲಿ ಹೊಗೆ. ಯಾಕೆ?

ಚಾರ್ಮಾಡಿಯನ್ನೋ ಆಗುಂಬೆಯನ್ನೋ ಎಕ್ಸಲರೇಟರ್ ಬಿಟ್ಟು ಎರಡನೇ ಗೇರಿನಲ್ಲಿ ಇಳಿಯುವಾಗ ಥ್ರಾಟಲ್ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ಮುಚ್ಚಿರುತ್ತದೆ, ಪಿಸ್ಟನ್ ಮಾತ್ರ ಎಳೆಯುತ್ತಲೇ ಇರುತ್ತದೆ. ಗಾಳಿ ಸಿಗದೆ ಸಿಲಿಂಡರಿನಲ್ಲಿ ಜೋರಾದ ನಿರ್ವಾತ ಹುಟ್ಟಿ, ರಿಂಗುಗಳ ಪಕ್ಕದಿಂದಲೂ ಇನ್‌ಟೇಕ್ ವಾಲ್ವ್ ಗೈಡಿನಿಂದಲೂ ಆಯಿಲ್ ಹೀರಿಕೊಳ್ಳುತ್ತದೆ. ಕೆಳಗೆ ಬಂದು ಎಕ್ಸಲರೇಟರ್ ಕೊಟ್ಟಾಗ ಸೇರಿದ್ದೆಲ್ಲ ಒಟ್ಟಿಗೆ ಉರಿಯುತ್ತದೆ. ಹೊಸ ಗಾಡಿಯಲ್ಲಿ ಒಂದು ಕ್ಷಣದ ತೆಳು ಹೊಗೆ ಕಂಡರೆ ಸುಮ್ಮನಿರಬಹುದು. ಮೋಡದಂತೆ ಎದ್ದರೆ ಸುಮ್ಮನಿರಬಾರದು. ಹಾಗೆಂದು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯಬೇಡಿ, ಬ್ರೇಕ್ ಕಾದು ಹಿಡಿಯದೇ ಹೋಗುತ್ತದೆ.

ಹೊಗೆ ಬರುವ ಹೊತ್ತೂ ಸುಳಿವೇ. ರಾತ್ರಿ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಮಾತ್ರ ಒಂದು ಉಂಡೆ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್. ಏರಿನಲ್ಲಿ ಎಳೆಯುವಾಗ ಬಿಡದೆ ಬಂದರೆ ರಿಂಗ್. ಟ್ರಾಫಿಕ್ಕಿನಲ್ಲಿ ಹತ್ತು ನಿಮಿಷ ನಿಂತು ಹೊರಟಾಗ ಬಂದರೆ ಟರ್ಬೊ ಸೀಲ್ ಅಥವಾ ವಾಲ್ವ್ ಸೀಲ್.

ನಮ್ಮದು ಉಲ್ಟಾ. ಡೀಸೆಲ್ ಗಾಡಿ, ಆಯಿಲ್ ಜಾಸ್ತಿ ಆಗ್ತಾ ಇದೆ!

ಏಪ್ರಿಲ್ 2020ರ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಇದೆ. ಅದು ತುಂಬಿದಾಗ ಮಸಿ ಸುಡಲು ಎಂಜಿನ್ ತಡವಾಗಿ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಆ ಸುಡುವ ಕೆಲಸ ಅರ್ಧದಲ್ಲಿರುವಾಗಲೇ ನೀವು ಆಫ್ ಮಾಡುತ್ತಾ ಹೋದರೆ ಮತ್ತೆ ಮತ್ತೆ ಶುರುವಾಗಿ, ಡೀಸೆಲ್ ಗೋಡೆಯಿಂದ ಜಾರಿ ಸಂಪಿಗೆ ಸೇರುತ್ತದೆ. ನಿಂತಾಗ ಆರ್‌ಪಿಎಂ ಮಾಮೂಲಿಗಿಂತ ಹೆಚ್ಚಿದ್ದು, ಫ್ಯಾನ್ ಜೋರಾಗಿ, ಬಿಸಿ ವಾಸನೆ ಬಂದರೆ ಸುಡುತ್ತಿದೆ ಎಂದು ತಿಳಿದು ಇನ್ನೂ ಹದಿನೈದು ಇಪ್ಪತ್ತು ನಿಮಿಷ ಓಡಿಸಿ. ಮಟ್ಟ ಮೇಲಿನ ಗುರುತು ದಾಟಿದ್ದರೆ ಹೀರಿ ತೆಗೆಸುವುದಲ್ಲ, ಬದಲಿಸಬೇಕು. ಡೀಸೆಲ್ ಬೆರೆತ ಆಯಿಲ್ ನೀರಾಗಿ ಬೇರಿಂಗ್ ಕಾಯುವುದಿಲ್ಲ.

ಟರ್ಬೊ ಪೆಟ್ರೋಲಿನಲ್ಲೂ ಇದು ಆಗುತ್ತದೆ. ಹೋಂಡಾದ 1.5 ಲೀಟರ್ ಟರ್ಬೊ ಎಂಜಿನ್ನಿನಲ್ಲಿ ಚಳಿ ಪ್ರದೇಶದ ಸಣ್ಣ ಓಡಾಟಕ್ಕೆ ಆಯಿಲ್ ಏರಿದ್ದರಿಂದ 2018ರಲ್ಲಿ ಚೀನಾದಲ್ಲಿ ಗಾಡಿಗಳನ್ನು ವಾಪಸು ಕರೆಯಬೇಕಾಯಿತು.

ಸ್ವಲ್ಪ ದಪ್ಪ ಆಯಿಲ್ ಹಾಕಿದರೆ ನಿಲ್ಲುತ್ತಾ?

ಕೈಪಿಡಿಯಲ್ಲಿ 0ಡಬ್ಲ್ಯೂ-20 ಜೊತೆ ಅದಕ್ಕಿಂತ ದಪ್ಪದ 5ಡಬ್ಲ್ಯೂ-30 ಕೂಡ ಬರೆದಿದ್ದರೆ ಮುಂದಿನ ಸರ್ವಿಸಿನಲ್ಲಿ ಅದನ್ನೇ ಕೇಳಿ ಹಾಕಿಸಿ. ಎಷ್ಟೋ ಎಂಜಿನ್ನುಗಳಲ್ಲಿ ಬಳಕೆ ಇಳಿಯುತ್ತದೆ. ಬರೆದಿಲ್ಲದ ದರ್ಜೆ ಹಾಕಿದರೆ ವಾರಂಟಿಗೆ ನೀವೇ ಕಲ್ಲು ಹಾಕಿಕೊಂಡಂತೆ. ಡಿಪಿಎಫ್ ಇರುವ ಡೀಸೆಲ್‌ಗೆ ಸಿ2, ಸಿ3ರಂತೆ ಬೂದಿ ಕಡಿಮೆ ಇರುವ, ಕೈಪಿಡಿ ಹೇಳಿದ ದರ್ಜೆ ಬಿಟ್ಟು ಬೇರೆ ಬೇಡವೇ ಬೇಡ. ಬಾಟಲಿಯಲ್ಲಿ ಬರುವ ಸೋರಿಕೆ ನಿಲ್ಲಿಸುವ ದ್ರವ ಹೊಸ ಗಾಡಿಗೆ ಏಕೆ ಬೇಕು?

## ಇನ್ನೂ ಆಳಕ್ಕೆ

ಕಂಪ್ರೆಷನ್ ಟೆಸ್ಟ್ ಮಾಡಿ ಎಂಜಿನ್ ಸರಿ ಇದೆ ಅಂದ್ರು. ಆದರೂ ಆಯಿಲ್ ಹೋಗ್ತಿದೆ.

ಎರಡೂ ಒಟ್ಟಿಗೆ ನಿಜವಿರಬಹುದು. ಕಂಪ್ರೆಷನ್ ಟೆಸ್ಟ್ ನೋಡುವುದು ಸಿಲಿಂಡರ್ ಒತ್ತಡ ಹಿಡಿಯುತ್ತದೆಯೇ ಎಂಬುದನ್ನು ಮಾತ್ರ. ಪಿಸ್ಟನ್ನಿಗೆ ಮೂರು ರಿಂಗು. ಮೇಲಿನ ಎರಡು ಒತ್ತಡ ಹಿಡಿಯುತ್ತವೆ, ಮೂರನೆಯದು ಗೋಡೆಯ ಆಯಿಲನ್ನು ಕೆರೆದು ಕೆಳಕ್ಕೆ ಕಳಿಸುತ್ತದೆ. ಆ ಮೂರನೆಯ ರಿಂಗಿನ ಹಿಂದಿರುವ ಸಣ್ಣ ತೂತುಗಳು ಇಂಗಾಲದಿಂದ ಕಟ್ಟಿಕೊಂಡರೆ ಆಯಿಲ್ ವಾಪಸು ಇಳಿಯದೆ ಮೇಲಕ್ಕೆ ಹೋಗುತ್ತದೆ. ಕಂಪ್ರೆಷನ್ ಮಾತ್ರ ಅಚ್ಚುಕಟ್ಟಾಗಿರುತ್ತದೆ, ಏಕೆಂದರೆ ಟೆಸ್ಟ್ ಅಳೆಯುವುದು ಮೇಲಿನ ಎರಡನ್ನು. ಅಂಟಿದ ಆಯಿಲೇ ಒತ್ತಡ ಹಿಡಿದು ಅಂಕಿಯನ್ನು ಇನ್ನೂ ಚೆಂದ ಮಾಡುವುದೂ ಉಂಟು.

ಅಮೆರಿಕದಲ್ಲಿ ಟೊಯೋಟಾದ 2ಎಜೆಡ್-ಎಫ್‌ಇ ಎಂಜಿನ್ನಿನ ದೂರು ರಿಂಗುಗಳದ್ದೇ ಆಗಿತ್ತು. ಅಲ್ಲಿ ಪರೀಕ್ಷೆ ನಡೆದದ್ದು ಓಡಿಸಿ ಅಳೆದು: 1200 ಮೈಲಿಗೆ ಒಂದು ಕ್ವಾರ್ಟ್, ಅಂದರೆ 1000 ಕಿ.ಮೀ.ಗೆ ಹೆಚ್ಚುಕಮ್ಮಿ ಅರ್ಧ ಲೀಟರ್ ದಾಟಿದರೆ ಪಿಸ್ಟನ್, ರಿಂಗ್ ಬದಲು. ಹಾಗಾಗಿ ನೀವೂ ಕೇಳಬೇಕಾದ್ದು ಕಂಪ್ರೆಷನ್ ಟೆಸ್ಟಲ್ಲ, ಡಿಪ್‌ಸ್ಟಿಕ್, ಕ್ಯಾಪ್, ಡ್ರೈನ್ ಬೋಲ್ಟಿಗೆ ಸೀಲ್ ಹಾಕಿ 1000 ಕಿ.ಮೀ. ಓಡಿಸಿ ಅಳೆಯುವ ಬಳಕೆ ಪರೀಕ್ಷೆ. ಜೊತೆಗೆ ಸ್ಪಾರ್ಕ್ ಪ್ಲಗ್‌ಗಳನ್ನು ಕ್ರಮವಾಗಿ ಜೋಡಿಸಿ ಫೋಟೊ ತೆಗೆಸಿ. ಒಂದೇ ಒಂದು ಒದ್ದೆ, ಕಪ್ಪು ಇದ್ದರೆ ಆ ಸಿಲಿಂಡರ್. ಎಲ್ಲವೂ ಒಂದೇ ಥರ ಇದ್ದರೆ ಕೆಳಗಿನ ಪ್ರಶ್ನೆ ನೋಡಿ.

ನಿಂತಾಗ ಎಂಜಿನ್ ಸೊಯ್ ಅಂತ ಶಿಳ್ಳೆ ಹೊಡೆಯುತ್ತೆ, ಆಯಿಲೂ ಇಳೀತಿದೆ. ಸಂಬಂಧ ಇದೆಯಾ?

ಇದೆ, ಮತ್ತು ಇದು ಸಿಕ್ಕರೆ ಅದೃಷ್ಟ. ಎಂಜಿನ್ನಿನ ಒಳ ಆವಿಯನ್ನು ಮತ್ತೆ ಇನ್‌ಟೇಕಿಗೆ ಕಳಿಸುವ ಪಿಸಿವಿ ವಾಲ್ವಿನ ರಬ್ಬರ್ ಪೊರೆ ಹರಿದರೆ ಇನ್‌ಟೇಕ್ ನೇರವಾಗಿ ಸಂಪಿನ ಆವಿಯನ್ನು, ಜೊತೆಗೆ ಆಯಿಲನ್ನು ಎಳೆಯುತ್ತದೆ. ಹರಿದ ಪೊರೆಯಿಂದ ಗಾಳಿ ನುಗ್ಗುವುದೇ ಆ ಶಿಳ್ಳೆ. ಎಂಜಿನ್ ನಿಂತಲ್ಲಿ ಓಡುತ್ತಿರುವಾಗ ಡಿಪ್‌ಸ್ಟಿಕ್ ಸ್ವಲ್ಪ ಮೇಲೆತ್ತಿ. ಶಿಳ್ಳೆ ನಿಂತರೆ ಇದೇ. ಆಯಿಲ್ ಕ್ಯಾಪ್ ತೆಗೆಯಲು ಹೋದಾಗ ಒಳಕ್ಕೆ ಬಲವಾಗಿ ಹೀರಿ ಹಿಡಿದರೂ ಇದೇ. ಭಾಗ ಚಿಕ್ಕದು, ಹಲವು ಎಂಜಿನ್ನುಗಳಲ್ಲಿ ಒಂದು ಗಂಟೆಯ ಕೆಲಸ. ಎಂಜಿನ್ ಬಿಚ್ಚುವ ಮಾತು ಬರುವ ಮೊದಲು ಇದನ್ನು ನೋಡಿಸಲೇಬೇಕು.

ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿದ್ದೇನೆ. ಅದರಿಂದ ಏನಾದರೂ ಗೊತ್ತಾಗುತ್ತಾ?

ಸದ್ದಿನ ಆವರ್ತನ ತೋರಿಸುವ ಆ್ಯಪ್ ಇದ್ದರೆ ಬಹಳ ಗೊತ್ತಾಗುತ್ತದೆ. 3000 ಆರ್‌ಪಿಎಂ ಎಂದರೆ ಸೆಕೆಂಡಿಗೆ 50 ಸುತ್ತು. ನಾಲ್ಕು ಸಿಲಿಂಡರಿನ ಉರಿತದ ಸದ್ದು 100 ಹರ್ಟ್ಸ್ (ಸೆಕೆಂಡಿಗೆ 100 ಬಡಿತ), ಮೂರು ಸಿಲಿಂಡರಿನದು 75. ಇನ್ನು ಚಕ್ರ: 195/55 ಆರ್16 ಟೈರಿನ ಸುತ್ತಳತೆ ಸುಮಾರು 1.95 ಮೀಟರ್, 72ರ ವೇಗದಲ್ಲಿ ಸೆಕೆಂಡಿಗೆ 10 ಸುತ್ತಿಗಿಂತ ಸ್ವಲ್ಪ ಹೆಚ್ಚು. 72ರ ವೇಗ ಕದಲದಂತೆ ಇಟ್ಟು ಗೇರ್ ಬದಲಿಸಿ. ಆ್ಯಪಿನಲ್ಲಿ ಸದ್ದು ಜೋರಾಗಿ ತೋರಿಸುವ ಶಿಖರ ಅಲ್ಲೇ ನಿಂತರೆ ಚಕ್ರದ ಕಡೆಯದು, ಆರ್‌ಪಿಎಂ ಜೊತೆ ಸರಿದರೆ ಎಂಜಿನ್ ಕಡೆಯದು. ಫೋನನ್ನು ಪಕ್ಕದವರು ಹಿಡಿಯಲಿ. ವೇಗ, ಗೇರ್, ಎಸಿ ಇದೆಯೋ ಇಲ್ಲವೋ ಎಂದು ಬಾಯಲ್ಲೇ ಹೇಳುತ್ತಾ ರೆಕಾರ್ಡ್ ಮಾಡಿ. ಮೀಟರ್ ಕಾಣುವ ವಿಡಿಯೊ ಆದರೆ ಇನ್ನೂ ಒಳ್ಳೆಯದು.

ಎಷ್ಟು ಸಲ ಹೋದರೂ "ಎಲ್ಲಾ ನಾರ್ಮಲ್ ಸರ್" ಅಂತಾರೆ. ಮುಂದೇನು?

ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಪ್ರತಿ ಭೇಟಿಯಲ್ಲೂ ಜಾಬ್ ಕಾರ್ಡಿನಲ್ಲಿ ನಿಮ್ಮ ಮಾತಿನಲ್ಲೇ ಬರೆಸಿ. "ನಾಯ್ಸ್ ಚೆಕ್" ಎಂದು ಎರಡು ಪದ ಗೀಚಿದರೆ ಒಪ್ಪಬೇಡಿ. "ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ 4 ಸೆಕೆಂಡ್ ಗರಗರ, 1000 ಕಿ.ಮೀ.ಗೆ 365 ಮಿ.ಲೀ. ಆಯಿಲ್" ಎಂದಿರಬೇಕು. ಏನೂ ತೊಂದರೆ ಇಲ್ಲ ಎನ್ನುವುದಾದರೆ ಅದನ್ನೂ ಬರೆದು ಸಹಿ ಹಾಕಿ ಕೊಡಲಿ. ಟಾಪ್ ಅಪ್ ಆಯಿಲಿನ ಬಿಲ್ಲು ಒಂದನ್ನೂ ಬಿಸಾಡಬೇಡಿ. ಸರ್ವಿಸ್ ಒಂದು ವಾರವೂ ತಡವಾಗದಿರಲಿ, ವಾರಂಟಿ ತಿರಸ್ಕರಿಸಲು ಮೊದಲು ಹುಡುಕುವ ನೆಪ ಅದೇ. ಆಮೇಲೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಮಾಡಿ ಬಳಕೆ ಪರೀಕ್ಷೆಯನ್ನು ಲಿಖಿತವಾಗಿ ಕೇಳಿ.

ಅದಕ್ಕೂ ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಂತರದ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಒಳಗಿದ್ದರೆ ದೂರು ಅಲ್ಲಿಗೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ಇರುವ ಊರಿನ ಜಿಲ್ಲೆಯಲ್ಲೇ ಹಾಕಬಹುದು, ಗಾಡಿ ಕೊಂಡ ಊರಿಗೆ ಅಲೆಯಬೇಕಿಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಗಡುವಿದೆ. ಪರೀಕ್ಷೆ ಇಲ್ಲದೆ ದೋಷ ತಿಳಿಯದು ಎನಿಸಿದರೆ ಆಯೋಗವೇ ಪ್ರಯೋಗಾಲಯಕ್ಕೆ ಕಳಿಸಬಹುದು. ಅಮೆರಿಕದಂತೆ ಹಾಳು ಗಾಡಿ ವಾಪಸು ಪಡೆಯುವ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಹಾಗಾಗಿ ತಯಾರಿಕೆಯಲ್ಲೇ ದೋಷವಿದೆ ಎಂದು ತೋರಿಸುವ ಹೊಣೆ ನಿಮ್ಮದೇ ಆಗುತ್ತದೆ. ಆಗ ಕೈಗೆ ಬರುವುದು ಜಾಬ್ ಕಾರ್ಡು, ಬಿಲ್ಲು, ಡಿಪ್‌ಸ್ಟಿಕ್ಕಿನ ಫೋಟೊ, ಅಳತೆ ಬರೆದ ಹಾಳೆ. ರೆಕಾರ್ಡ್ ಮಾಡಿದ ಸದ್ದನ್ನು ದಿನಾಂಕ ಹಾಕಿ ಪೆನ್‌ಡ್ರೈವಿಗೂ ಇಳಿಸಿಡಿ, ಕೇಸು ಮುಗಿಯುವ ಹೊತ್ತಿಗೆ ಫೋನ್ ಎರಡು ಬದಲಾಗಿರುತ್ತದೆ.